ಮನೆಯೇ ಪಾಠಶಾಲೆಯಾದರೆ: ಮಕ್ಕಳ ಹಿತವನ್ನು ಕುರಿತು ಒಂದು ವಿಚಾರ

ಮಕ್ಕಳನ್ನು ಪಾಠಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವುದು ಉಚಿತವೋ ಅನುಚಿತವೋ ಎಂಬ ಪ್ರಶ್ನೆಯು ಈಚಿನ ವರುಷಗಳಲ್ಲಿ ನಮ್ಮ ನಗರದ ದಕ್ಷಿಣ ಭಾಗದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಲಿದೆ. ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆ ಈ ಎಡೆಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಾವೇ ತಾಯಂದಿರಾಗಿ ಈ ಮಾರ್ಗವನ್ನು ಹಿಡಿದಿದ್ದಾರೆ. ಮತ್ತೆ ಕೆಲವರು ಹಿಡಿಯಬೇಕೆಂದು ಯೋಚಿಸಿ ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ. ಪಾಠಶಾಲೆಯನ್ನು ನಡೆಯಿಸುವವರು ಪಾಠಶಾಲೆಯ ಪಕ್ಷವನ್ನೇ ವಹಿಸುವರೆಂದು ವಾಚಕರು ಎಣಿಸುವುದು ಸಹಜವೇ ಸರಿ. ಆಗ್ಯೂ ಮಗುವಿನ ಹಿತವು ಯಾವುದರಲ್ಲಿ ನಿಂತಿದೆ, ಅದಕ್ಕೆ ಕುಂದು ಬಂದರೆ ತಿಳಿಯುವುದು ಹೇಗೆ, ತಿಳಿದವರು ಮಾಡತಕ್ಕುದೇನು ಎಂಬ ಮೂರು ವಿಷಯಗಳನ್ನು ಪಕ್ಷಪಾತವಿಲ್ಲದೆ ವಿಚಾರಿಸಲು ಇಲ್ಲಿ ಯತ್ನಿಸುತ್ತೇವೆ.

೧. ಒಂದೇ ಹೆಸರು, ಮೂರು ಸ್ಥಿತಿಗಳು

ಮೊದಲು ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. "ನಮ್ಮ ಮಗು ಮನೆಯಲ್ಲಿಯೇ ಓದುತ್ತದೆ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ತಾಯ್ತಂದೆಗಳು ಚೆನ್ನಾಗಿ ಯೋಚಿಸಿ, ತಮ್ಮ ಹೊತ್ತನ್ನೂ ಹಣವನ್ನೂ ವ್ಯಯಮಾಡಿ, ಮಗುವಿಗೆ ತಾವೇ ಗುರುಗಳಾಗುವುದು ಒಂದು. ಇದೇ ನಿಜವಾದ ಗೃಹಶಿಕ್ಷಣವು. ಸರಕಾರದ ಮನ್ನಣೆಯಿಲ್ಲದ ಯಾವುದೋ ಪಾಠಕೇಂದ್ರಕ್ಕೆ ಮಗುವನ್ನು ಕಳುಹಿಸಿ ಅದನ್ನೇ ಗೃಹಶಿಕ್ಷಣವೆಂದು ಕರೆಯುವುದು ಎರಡನೆಯದು. ಬಡತನದಿಂದಲೋ, ಕಾಯಿಲೆಯಿಂದಲೋ, ಎಳೆಯ ತಮ್ಮತಂಗಿಯರನ್ನು ನೋಡಿಕೊಳ್ಳುವ ಹೊರೆಯಿಂದಲೋ ಶಾಲೆಯನ್ನು ಬಿಟ್ಟ ಮಗುವಿನ ಮೇಲೆ ಅದೇ ಹೆಸರನ್ನು ಹೊದಿಸುವುದು ಮೂರನೆಯದು. ಇದರಲ್ಲಿ ಮನೆಯುಂಟು, ಶಿಕ್ಷಣವಿಲ್ಲ.

ಈ ಮೂರನ್ನು ಬೆರಸಿ ಮಾತನಾಡುವುದರಿಂದಲೇ ಚರ್ಚೆಯು ಬಿಸಿಯೇರುತ್ತದೆ. ಮೊದಲನೆಯ ಗುಂಪಿನವರನ್ನು ಕಂಡವರು ಗೃಹಶಿಕ್ಷಣವನ್ನು ಹೊಗಳುತ್ತಾರೆ. ಮೂರನೆಯ ಗುಂಪಿನ ಮಕ್ಕಳನ್ನು ಕಂಡವರು ಅದನ್ನು ಹಳಿಯುತ್ತಾರೆ. ಇಬ್ಬರೂ ತಾವು ಕಂಡುದನ್ನೇ ಹೇಳುತ್ತಾರಾದರೂ ಅವರು ಕಂಡುದು ಒಂದೇ ವಸ್ತುವಲ್ಲ.

೨. ನಮ್ಮ ನಾಡಿನ ಹಿಂದಿನ ಅನುಭವ

ಹೆಣ್ಣುಮಕ್ಕಳ ಮಟ್ಟಿಗೆ ಮನೆಯ ಪಾಠವು ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೇಲ್ಜಾತಿಯ ಅನೇಕ ಕುಟುಂಬಗಳು ಹುಡುಗಿಯರನ್ನು ಹೊಸ್ತಿಲು ದಾಟಿಸಿ ಶಾಲೆಗೆ ಕಳುಹಿಸಲು ಒಪ್ಪುತ್ತಿರಲಿಲ್ಲ. ಆದುದರಿಂದ ಲಂಡನ್ ಮಿಷನ್, ವೆಸ್ಲಿಯನ್ ಮಿಷನ್ ಮೊದಲಾದವುಗಳಿಗೆ ಸೇರಿದ ಸ್ತ್ರೀಯರು ಹೆಣ್ಣುಮಕ್ಕಳ ಪಾಠಶಾಲೆಗಳನ್ನು ತೆರೆದುದರ ಜೊತೆಗೆ, ತಾವೇ ಮನೆಮನೆಗೆ ಹೋಗಿ ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸುತ್ತಿದ್ದರು. ಮೈಸೂರಿನಲ್ಲಿ ೧೮೮೧ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಸ್ಥಾಪಿತವಾಯಿತು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ಎಂಟು ವರುಷ ತುಂಬದ ಹುಡುಗಿಯರ ವಿವಾಹವನ್ನು ನಿಷೇಧಿಸಿತು. ೧೯೧೩ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡುವ ಕಾನೂನು ಅಲ್ಲಿ ಹೊರಟಿತು.

ಈ ಚರಿತ್ರೆಯಿಂದ ಎರಡು ಪಾಠಗಳು ದೊರೆಯುತ್ತವೆ. ಮನೆಯಲ್ಲಿ ಕಲಿತ ಹೆಂಗಸರು ಚೆನ್ನಾಗಿಯೇ ಕಲಿತರು. ಅವರ ಹೆಣ್ಣುಮಕ್ಕಳೇ ಮುಂದೆ ಶಾಲೆಗಳನ್ನು ತುಂಬಿದರು. ಆದಕಾರಣ ಮನೆಯಲ್ಲಿ ವಿದ್ಯೆಯು ಬಾರದೆನ್ನುವುದು ಸುಳ್ಳು. ಆದರೆ ಮನೆಯ ಪಾಠವು ಮನೆಯ ಹಿರಿಯರ ಮನಸ್ಸಿನಂತೆ ನಡೆಯುತ್ತಿತ್ತು. ಹಿರಿಯರು ಸಾಕೆಂದರೆ ಆ ದಿನಕ್ಕೇ ಅದು ನಿಂತುಹೋಗುತ್ತಿತ್ತು. ಹುಡುಗಿಯ ಪರವಾಗಿ ಏಕೆಂದು ಕೇಳುವವರು ಯಾರೂ ಇರಲಿಲ್ಲ. ಬಾಗಿಲು ಮಗುವನ್ನು ಕಾಯುವುದೂ ಉಂಟು, ಕಟ್ಟಿಹಾಕುವುದೂ ಉಂಟು. ಇಂದಿನ ವಿವಾದದ ಬೇರು ಇಲ್ಲಿಯೇ ಇದೆ.

೩. ತಾಯ್ತಂದೆಗಳು ಹೇಳುವ ಕಾರಣಗಳು

ಗೃಹಶಿಕ್ಷಣವನ್ನು ಆರಿಸಿಕೊಂಡವರು ಸೋಮಾರಿಗಳೂ ಅಲ್ಲ, ಮಕ್ಕಳ ವಿಷಯದಲ್ಲಿ ಉದಾಸೀನರೂ ಅಲ್ಲ. ಅವರು ಹೇಳುವ ಕಾರಣಗಳನ್ನು ತಾಳ್ಮೆಯಿಂದ ಕೇಳತಕ್ಕದ್ದು. ಬೆಳಗಿನ ಜಾವ ಎದ್ದು ಅರೆಹೊಟ್ಟೆಯಲ್ಲಿ ಬಸ್ಸನ್ನು ಹತ್ತಿ, ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲಿ ನಿದ್ದೆಗಣ್ಣಿನಿಂದ ಕುಳಿತು ಬರುವ ಮಗುವನ್ನು ನೋಡಿ ಯಾವ ತಾಯಿಗೆ ತಾನೆ ಮರುಕ ಹುಟ್ಟದು? ಒಂದು ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ನಿಧಾನವಾಗಿ ಕಲಿಯುವವಳೂ ಬೇಗ ಕಲಿಯುವವಳೂ ಒಂದೇ ಬಗೆಯಾಗಿ ನಷ್ಟಪಡುತ್ತಾರೆ. ಶುಲ್ಕವು ವರುಷ ವರುಷಕ್ಕೆ ಏರುತ್ತಿರುತ್ತದೆ. ಬಾಯಿಪಾಠವೂ ಅಂಕಗಳ ಪೈಪೋಟಿಯೂ ಕೆಲವು ಮಕ್ಕಳ ಆರೋಗ್ಯವನ್ನೇ ಕೆಡಿಸಿವೆ. ಅಕ್ಷರಗಳನ್ನು ಗುರುತಿಸುವುದರಲ್ಲಿ ತೊಡಕುಳ್ಳ ಮಗುವನ್ನೂ, ಹತ್ತು ಜನರ ನಡುವೆ ಬೆದರುವ ಮಗುವನ್ನೂ ತಾಳ್ಮೆಯಿಂದ ನಡೆಯಿಸಿಕೊಳ್ಳುವ ಶಾಲೆಗಳು ನಮ್ಮಲ್ಲಿ ಇನ್ನೂ ವಿರಳ.

ಈ ಮಾತುಗಳನ್ನು ದೊಡ್ಡವರೂ ಹೇಳಿದ್ದಾರೆ. ಬಾಲ್ಯದಲ್ಲಿ ಶಾಲೆಯ ಗೋಡೆಗಳನ್ನು ಸಹಿಸಲಾರದೆ ಹೋದ ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದ ಮರಗಳ ಅಡಿಯಲ್ಲಿ ವಿದ್ಯಾಲಯವನ್ನು ಆರಂಭಿಸಿದರು. ಅಮೆರಿಕದ ಉಪಾಧ್ಯಾಯರಾಗಿದ್ದ ಜಾನ್ ಹೋಲ್ಟರು ಮಕ್ಕಳು ಸೋಲುವ ಬಗೆಯನ್ನು ಕುರಿತು ೧೯೬೪ರಲ್ಲಿ ಗ್ರಂಥವನ್ನು ಬರೆದು, ೧೯೭೭ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳ ತಾಯ್ತಂದೆಗಳಿಗಾಗಿ ಒಂದು ಪತ್ರಿಕೆಯನ್ನೇ ಹೊರಡಿಸಿದರು. ನಮ್ಮ ನಾಡಿನ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಪ್ರಕೃತಿದರ್ಶನಗಳ ಮೂಲಕ ಮಕ್ಕಳಿಗೆ ಕಲಿಸಲು ಯತ್ನಿಸಿದುದನ್ನೂ, ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಬರೆದುದನ್ನೂ ಅನೇಕರು ಬಲ್ಲರು. ಶಾಲೆಯ ಕೊರತೆಗಳನ್ನು ಎತ್ತಿ ತೋರಿಸಿದ ಇಂತಹವರಿಗೆ ನಾವು ಉಪಾಧ್ಯಾಯಿನಿಯರು ಋಣಿಗಳು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಜೆ. ಪಿ. ನಗರದಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಮನೆಯಲ್ಲಿಯೇ ಓದಿಸಿದರು. ಬೆಳಗ್ಗೆ ಎರಡು ಗಂಟೆಗಳ ಗಣಿತ ಮತ್ತು ಭಾಷೆ. ಮಧ್ಯಾಹ್ನ ಅಡಿಗೆಮನೆಯ ಲೆಕ್ಕ, ಲಾಲ್‌ಬಾಗಿನಲ್ಲಿ ಮರಗಳ ಗುರುತು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಯಂತ್ರಗಳ ಪರಿಚಯ. ವಾರಕ್ಕೆ ಮೂರು ಸಂಜೆ ಬೇರೆಯವರಲ್ಲಿ ಸಂಗೀತ ಮತ್ತು ಈಜು. ಹಿರಿಯವಳು ಎಂಟನೆಯ ತರಗತಿಗೆ ನಮ್ಮಲ್ಲಿ ಸೇರಲು ಬಂದಾಗ ನಾವು ಪರೀಕ್ಷಿಸಿ ನೋಡಿದೆವು. ಓದಿನಲ್ಲಿ ಅವಳು ಮುಂದಿದ್ದಳು. ಪ್ರಶ್ನೆ ಕೇಳುವುದಕ್ಕೆ ಅಂಜುತ್ತಿರಲಿಲ್ಲ. ಬರವಣಿಗೆಯ ವೇಗವೊಂದು ಮಾತ್ರ ಕಡಿಮೆಯಾಗಿತ್ತು. ಇಂತಹ ಫಲವನ್ನು ಕಣ್ಣಾರೆ ಕಂಡ ಮೇಲೆ ಗೃಹಶಿಕ್ಷಣವು ಮಗುವಿಗೆ ಹಾನಿಯೆಂದು ಸಾರಾಸಗಟಾಗಿ ಹೇಳುವುದು ನ್ಯಾಯವಲ್ಲ.

೪. ಕಾನೂನು ಏನನ್ನುತ್ತದೆ

ಭಾರತದ ಸಂವಿಧಾನಕ್ಕೆ ೨೦೦೨ರಲ್ಲಿ ಆದ ೮೬ನೆಯ ತಿದ್ದುಪಡಿಯು ೬ರಿಂದ ೧೪ ವರುಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಅದಕ್ಕನುಸಾರವಾದ ಶಿಕ್ಷಣದ ಹಕ್ಕಿನ ಕಾಯಿದೆಯು ೨೦೦೯ರಲ್ಲಿ ಹುಟ್ಟಿ, ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಆ ಕಾಯಿದೆಯ ೧೦ನೆಯ ಪ್ರಕರಣದ ಮೇರೆಗೆ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಾಯ್ತಂದೆಗಳ ಕರ್ತವ್ಯ. ಆದರೆ ಸೇರಿಸದ ತಾಯ್ತಂದೆಗಳಿಗೆ ಆ ಕಾಯಿದೆಯಲ್ಲಿ ಶಿಕ್ಷೆಯೇನೂ ವಿಧಿಸಲ್ಪಟ್ಟಿಲ್ಲ. ಮನ್ನಣೆಯಿಲ್ಲದೆ ಶಾಲೆಯನ್ನು ನಡೆಯಿಸುವವರಿಗಾದರೋ ೧೮ನೆಯ ಪ್ರಕರಣವು ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವನ್ನೂ ಇಡುತ್ತದೆ. ಮೇಲೆ ಹೇಳಿದ ಎರಡನೆಯ ಗುಂಪಿನ ಪೋಷಕರು ಇದನ್ನು ಗಮನಿಸಬೇಕು.

ಗೃಹಶಿಕ್ಷಣದ ಮಾತನ್ನು ಕಾಯಿದೆಯು ಸ್ಪಷ್ಟವಾಗಿ ಎತ್ತುವುದೇ ಇಲ್ಲ. ೨೦೧೨ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದಾಗ ಕೇಂದ್ರ ಸರಕಾರವು ಮೊದಲು ಅನುಕೂಲವಾಗಿ ಒಂದು ಮಾತನ್ನು ಹೇಳಿ, ಬಳಿಕ ಅದನ್ನು ಬದಲಾಯಿಸಿತು. ಹೀಗಾಗಿ ಮನೆಯಲ್ಲಿ ಓದಿಸುವವರು ನಿಷೇಧಕ್ಕೂ ಅನುಮತಿಗೂ ನಡುವಣ ಮಬ್ಬಿನಲ್ಲಿದ್ದಾರೆ. ಪರೀಕ್ಷೆಯ ದಾರಿಯು ಮಾತ್ರ ತೆರೆದಿದೆ. ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ೧೪ ವರುಷ ತುಂಬಿದವರಿಗೆ ಹತ್ತನೆಯ ತರಗತಿಯ ಪರೀಕ್ಷೆಗೆ ಅವಕಾಶ ಕೊಡುತ್ತದೆ. ನಮ್ಮ ನಗರದ ಅನೇಕ ಗೃಹಶಿಕ್ಷಿತ ಮಕ್ಕಳು ಆ ದಾರಿಯನ್ನೇ ಹಿಡಿಯುತ್ತಾರೆ.

ಹೊರದೇಶಗಳಲ್ಲಿಯೂ ಏಕಾಭಿಪ್ರಾಯವಿಲ್ಲ. ಜರ್ಮನಿಯು ಶಾಲೆಗೆ ಹಾಜರಾಗುವುದನ್ನೇ ಕಡ್ಡಾಯ ಮಾಡಿದೆ. ಅದು ಮಾನವ ಹಕ್ಕುಗಳಿಗೆ ವಿರುದ್ಧವಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ೨೦೦೬ರಲ್ಲಿಯೂ ೨೦೧೯ರಲ್ಲಿಯೂ ನಿರ್ಣಯಿಸಿತು. ಅಮೆರಿಕದ ಸಂಸ್ಥಾನಗಳೆಲ್ಲ ಗೃಹಶಿಕ್ಷಣಕ್ಕೆ ಎಡೆಗೊಟ್ಟಿವೆ. ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಿಕೆ ಎಲಿಜಬೆತ್ ಬಾರ್ತೊಲೆಟ್ ಎಂಬವರು, ಮಕ್ಕಳ ರಕ್ಷಣೆಯ ದೃಷ್ಟಿಯಿಂದ ಇದನ್ನು ಸಾಮಾನ್ಯವಾಗಿ ನಿಷೇಧಿಸಿ, ತಕ್ಕ ಕಾರಣ ತೋರಿಸಿದವರಿಗೆ ಮಾತ್ರ ಅನುಮತಿ ಕೊಡಬೇಕೆಂದು ೨೦೨೦ರಲ್ಲಿ ವಾದಿಸಿದಾಗ ದೊಡ್ಡ ಕೋಲಾಹಲವೇ ಎದ್ದಿತು.

೫. ಮಗುವನ್ನು ನೋಡುವ ಕಣ್ಣು

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಪಾಠಶಾಲೆಯು ಕಲಿಸುವ ಸ್ಥಳ ಮಾತ್ರವಲ್ಲ. ದಿನಕ್ಕೊಮ್ಮೆ ಮಗುವನ್ನು ಮನೆಯವರಲ್ಲದ ಹಿರಿಯರೊಬ್ಬರು ನೋಡುವ ಸ್ಥಳವೂ ಆಗಿರುತ್ತದೆ. ಹಾಜರಿಯನ್ನು ಕರೆಯುವಾಗಲೇ ಉಪಾಧ್ಯಾಯಿನಿಯು ಎಷ್ಟೋ ಸಂಗತಿಗಳನ್ನು ಅರಿಯುತ್ತಾಳೆ. ಬುತ್ತಿಯಿಲ್ಲದೆ ಬಂದವಳು ಯಾರು, ತೋಳಿನ ಬಾಸುಂಡೆಯನ್ನು ಮರೆಮಾಡುವವಳು ಯಾರು, ನಿನ್ನೆಯವರೆಗೆ ನಗುತ್ತಿದ್ದು ಇಂದು ಮೂಲೆಯಲ್ಲಿ ಕುಳಿತವಳು ಯಾರು ಎಂಬುದು ಪುಸ್ತಕವನ್ನು ತೆರೆಯುವ ಮೊದಲೇ ಅವಳಿಗೆ ತಿಳಿದುಬರುತ್ತದೆ.

ಇಂಗ್ಲೆಂಡಿನಲ್ಲಿ ೨೦೨೩ರಲ್ಲಿ ನಡೆದ ಘೋರ ಪ್ರಸಂಗವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಹತ್ತು ವರುಷದ ಬಾಲಿಕೆಯೊಬ್ಬಳ ಮೈಮೇಲಿನ ಗಾಯಗಳನ್ನು ಅವಳ ಶಾಲೆಯವರು ಕಂಡು ಅಧಿಕಾರಿಗಳಿಗೆ ತಿಳಿಸಿದರು. ಬಳಿಕ ತಂದೆಯು ಮನೆಯಲ್ಲಿಯೇ ಓದಿಸುವೆನೆಂದು ಅವಳನ್ನು ಶಾಲೆಯಿಂದ ಬಿಡಿಸಿದನು. ಕೆಲವೇ ತಿಂಗಳುಗಳಲ್ಲಿ ಅವಳು ಮನೆಯವರ ಹಿಂಸೆಯಿಂದ ಮೃತಳಾದಳು. ೨೦೨೪ರ ಡಿಸೆಂಬರಿನಲ್ಲಿ ತಂದೆಯೂ ಮಲತಾಯಿಯೂ ಕೊಲೆಯ ಅಪರಾಧಿಗಳೆಂದು ತೀರ್ಮಾನವಾಯಿತು. ಅದೇ ತಿಂಗಳು ಅಲ್ಲಿನ ಪಾರ್ಲಿಮೆಂಟಿನಲ್ಲಿ ಶಾಲೆಗೆ ಹೋಗದ ಮಕ್ಕಳ ಪಟ್ಟಿಯನ್ನು ಇಡಬೇಕೆಂಬ ವಿಧಿಯುಳ್ಳ ಮಸೂದೆಯು ಮಂಡಿಸಲ್ಪಟ್ಟಿತು.

ಹಾಗೆಂದು ಇದನ್ನೇ ಹಿಡಿದು ಮನೆಯಲ್ಲಿ ಓದಿಸುವ ತಾಯ್ತಂದೆಗಳನ್ನೆಲ್ಲ ಸಂಶಯಪಡುವುದು ಘೋರ ಅನ್ಯಾಯವಾದೀತು. ಶಾಲೆಯ ಗೋಡೆಗಳೊಳಗೂ ಮಕ್ಕಳಿಗೆ ಕೇಡು ಬಂದುದುಂಟು. ೨೦೧೪ರ ಜುಲೈ ತಿಂಗಳಲ್ಲಿ ನಮ್ಮ ನಗರದ ಖಾಸಗಿ ಶಾಲೆಯೊಂದರಲ್ಲಿ ಆರು ವರುಷದ ಬಾಲಿಕೆಯ ಮೇಲೆ ಅತ್ಯಾಚಾರ ನಡೆದ ಸುದ್ದಿಯನ್ನು ಕೇಳಿ ತಾಯ್ತಂದೆಗಳು ಬೀದಿಗಿಳಿದುದನ್ನು ಯಾರು ತಾನೆ ಮರೆತಾರು? ಕಾಯಿದೆಯ ೧೭ನೆಯ ಪ್ರಕರಣವು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸನ್ನು ನೋಯಿಸುವುದನ್ನೂ ನಿಷೇಧಿಸಿದ್ದರೂ ಬೆತ್ತವು ಎಲ್ಲೆಡೆಯೂ ಮಾಯವಾಗಿಲ್ಲ. ಆ ಸಮಯಗಳಲ್ಲಿ ಶಾಲೆಯಿಂದ ಮಗುವನ್ನು ಉಳಿಸಿದುದು ಮನೆಯ ಕಣ್ಣು.

ಇದರಿಂದ ಸಿದ್ಧವಾಗುವುದೇನು? ಒಂದೇ ಗೋಡೆಯೊಳಗೆ, ಒಂದೇ ಗುಂಪಿನ ಹಿರಿಯರ ಕೈಯಲ್ಲಿ ಮಗುವು ಸಂಪೂರ್ಣವಾಗಿ ಇರತಕ್ಕದ್ದಲ್ಲ. ಶಾಲೆಗೆ ಹೋಗುವ ಮಗುವಿಗೆ ಸಂಜೆ ತಾಯಿಯು ಕಿವಿಗೊಡಬೇಕು. ಮನೆಯಲ್ಲಿ ಓದುವ ಮಗುವಿಗೆ ಹೊರಗಿನವರೊಬ್ಬರು ಕಿವಿಗೊಡಬೇಕು. ಎರಡು ಬಾಗಿಲುಳ್ಳ ಮನೆಯಲ್ಲಿ ಗಾಳಿ ಆಡುವಂತೆ, ಎರಡು ಕಡೆ ಹೇಳಿಕೊಳ್ಳಬಲ್ಲ ಮಗುವೇ ಕ್ಷೇಮದಲ್ಲಿರುವ ಮಗು.

೬. ಬಾಲಿಕೆಯರ ವಿಷಯವಾಗಿ ವಿಶೇಷ ಮಾತು

೨೦೨೦ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದುವು. ಕರ್ನಾಟಕದಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮರಳಿ ತೆರೆದುದು ೨೦೨೧ನೆಯ ಅಕ್ಟೋಬರ್ ೨೫ರಂದು. ನಡುವಣ ಕಾಲದಲ್ಲಿ ನಾಡಿಗೆ ನಾಡೇ ಮನೆಪಾಠದ ಪರೀಕ್ಷೆಗೆ ಒಳಗಾಯಿತು. ಪುಸ್ತಕ, ಫೋನು, ಬಿಡುವುಳ್ಳ ತಾಯಿ ಈ ಮೂರೂ ಇದ್ದ ಮನೆಯ ಮಕ್ಕಳು ಹೇಗೋ ದಾಟಿದರು. ಇಲ್ಲದವರು ಅಕ್ಷರವನ್ನೇ ಮರೆತರು.

ಶಾಲೆ ತೆರೆದ ಮೇಲೆ ನಮ್ಮ ಆರನೆಯ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. "ಮನೆಯಲ್ಲಿಯೇ ಆನ್‌ಲೈನಿನಲ್ಲಿ ಓದುತ್ತಾಳಂತೆ" ಎಂದು ನೆರೆಯವರು ತಿಳಿಸಿದರು. ನಮ್ಮ ಉಪಾಧ್ಯಾಯಿನಿಯರಿಬ್ಬರು ಬಿ. ಟಿ. ಎಂ. ಬಡಾವಣೆಯ ಹಿಂಬದಿಯ ಓಣಿಯಲ್ಲಿದ್ದ ಅವಳ ಮನೆಗೆ ಹೋದರು. ತಾಯಿ ನಾಲ್ಕು ಮನೆಗಳ ಪಾತ್ರೆ ತೊಳೆಯಲು ಹೋಗಿದ್ದಳು. ಒಂದು ವರುಷದ ತಮ್ಮನು ಹುಡುಗಿಯ ಸೊಂಟದ ಮೇಲಿದ್ದನು. ಮನೆಯಲ್ಲಿದ್ದ ಒಂದೇ ಫೋನು ತಂದೆಯ ಜೇಬಿನಲ್ಲಿತ್ತು. "ನಿನ್ನ ಪಾಠ ಎಲ್ಲಿಗೆ ಬಂತಮ್ಮ?" ಎಂದು ಕೇಳಿದುದಕ್ಕೆ ಅವಳು ತಲೆ ತಗ್ಗಿಸಿ, "ಮಿಸ್, ತಮ್ಮ ನಡೆಯೋಕೆ ಕಲಿತ ಮೇಲೆ ಬರ್ತೀನಿ" ಎಂದಳಂತೆ. ಕೂಸನ್ನು ಹತ್ತಿರದ ಅಂಗನವಾಡಿಯಲ್ಲಿ ನೋಡಿಕೊಳ್ಳುವ ಏರ್ಪಾಡಾಗುವುದಕ್ಕೆ ಐದು ವಾರ ಹಿಡಿಯಿತು. ಆರನೆಯ ವಾರ ಅವಳು ತರಗತಿಗೆ ಬಂದಳು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೨೦೧೬ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯಿದೆಯು ೧೪ ವರುಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಡಬಾರದೆಂದು ಹೇಳಿ, ಶಾಲೆಯ ವೇಳೆಯ ನಂತರವೂ ರಜೆಯಲ್ಲಿಯೂ ಕುಟುಂಬಕ್ಕೆ ನೆರವಾಗಬಹುದೆಂದು ವಿನಾಯಿತಿ ಕೊಡುತ್ತದೆ. ಶಾಲೆಯೇ ಇಲ್ಲದ ಮಗುವಿಗೆ ಶಾಲೆಯ ವೇಳೆ ಮುಗಿಯುವುದು ಎಷ್ಟು ಗಂಟೆಗೆ? ಗಂಡುಮಗುವು ಮನೆಯಲ್ಲಿದ್ದರೆ ಓದುತ್ತಿದ್ದಾನೆಂದೂ, ಹೆಣ್ಣುಮಗುವು ಮನೆಯಲ್ಲಿದ್ದರೆ ಕೈಗೆ ಸಿಕ್ಕಿದ್ದಾಳೆಂದೂ ಎಣಿಸುವ ಅಭ್ಯಾಸವು ಸ್ಥಿತಿವಂತರ ಮನೆಗಳಲ್ಲಿಯೂ ಪೂರ್ಣವಾಗಿ ಹೋಗಿಲ್ಲ. ಶಾಲೆಯನ್ನು ಬಿಟ್ಟ ಹುಡುಗಿಗೆ ವಿವಾಹದ ಮಾತು ಬೇಗ ಬರುತ್ತದೆ. ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆಂದು ಕರ್ನಾಟಕವು ತಿದ್ದುಪಡಿ ಮಾಡಿದ್ದರೂ, ಹುಡುಗಿಯು ಕಣ್ಣಿಗೆ ಬಿದ್ದರಲ್ಲವೆ ಕಾನೂನು ಅವಳ ನೆರವಿಗೆ ಬರುವುದು?

೭. ಮನೆಯಲ್ಲಿ ಓದಿಸುವವರಿಗೆ ಆರು ಪ್ರಶ್ನೆಗಳು

ಈ ಮಾರ್ಗವನ್ನು ಹಿಡಿದಿರುವ, ಇಲ್ಲವೆ ಹಿಡಿಯಬೇಕೆಂದಿರುವ ತಾಯ್ತಂದೆಗಳು ತಮ್ಮನ್ನು ತಾವೇ ಈ ಪ್ರಶ್ನೆಗಳನ್ನು ಕೇಳಿಕೊಳ್ಳಲಿ.

ಒಂದು: ಇದು ಮಗುವಿನ ಅನುಕೂಲಕ್ಕಾಗಿಯೋ, ನಮ್ಮ ಅನುಕೂಲಕ್ಕಾಗಿಯೋ?

ಎರಡು: ಮನೆಯವರಲ್ಲದ, ಮಗುವು ನಂಬುವ ಒಬ್ಬ ಹಿರಿಯರು ವಾರಕ್ಕೊಮ್ಮೆಯಾದರೂ ಅದನ್ನು ಕಂಡು ಮಾತನಾಡಿಸುತ್ತಾರೆಯೆ? ಸಂಗೀತದ ಗುರುಗಳಾಗಲಿ, ವೈದ್ಯರಾಗಲಿ, ಗ್ರಂಥಾಲಯದವರಾಗಲಿ ಆಗಬಹುದು.

ಮೂರು: ಸಮವಯಸ್ಸಿನ ಮಕ್ಕಳ ಸಹವಾಸವು ನಿತ್ಯವೂ ಇದೆಯೆ? 'ಸರಸ್ವತಿ' ಪತ್ರಿಕೆಯ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದುದು ಮಕ್ಕಳಿಗೆ ಮಕ್ಕಳ ಕೂಟವೇ ಬೇಕೆಂಬುದನ್ನು ಅರಿತು. ಸೋಲುವುದು, ಜಗಳವಾಡಿ ರಾಜಿಯಾಗುವುದು, ಸರದಿ ಕಾಯುವುದು ಇವನ್ನು ತಾಯಿಯೊಬ್ಬಳೇ ಕಲಿಸಲಾರಳು.

ನಾಲ್ಕು: ನಮಗಿಂತ ಭಿನ್ನವಾದ ಮತದ, ಭಾಷೆಯ, ಅಂತಸ್ತಿನ ಮಕ್ಕಳೊಡನೆ ನಮ್ಮ ಮಗುವು ಕುಳಿತು ಉಣ್ಣುತ್ತದೆಯೆ? ಬಡಾವಣೆಯ ಗೇಟಿನೊಳಗೇ ಬೆಳೆದ ಮಗುವು ಊರನ್ನು ಅರಿಯದು.

ಐದು: ಕಲಿತುದನ್ನು ವರುಷಕ್ಕೊಮ್ಮೆಯಾದರೂ ಹೊರಗಿನವರು ಪರಿಶೀಲಿಸುತ್ತಾರೆಯೆ? ಮಗುವಿನ ಬರಹಗಳನ್ನು ತಾರೀಖು ಹಾಕಿ ಇಟ್ಟಿದ್ದೇವೆಯೆ?

ಆರು: "ನಾನು ಶಾಲೆಗೆ ಹೋಗಬೇಕು" ಎಂದು ಮಗುವು ಹೇಳಿದರೆ ನಾವು ಒಪ್ಪುವೆವೆ? ಶಾಲೆಯಲ್ಲಿರುವ ಮಗುವು "ನಾನು ಹೋಗಲಾರೆ" ಎಂದು ಅತ್ತರೆ ಕಾರಣವನ್ನು ಕೇಳುವುದೂ ಇದಕ್ಕೆ ಸಮನಾದ ಕರ್ತವ್ಯವೇ.

ಈ ಆರಕ್ಕೂ ಸಮಾಧಾನಕರವಾದ ಉತ್ತರವುಳ್ಳ ಮನೆಯನ್ನು ನಾವು ಗೌರವಿಸುತ್ತೇವೆ. ಎರಡನೆಯದಕ್ಕೂ ಆರನೆಯದಕ್ಕೂ ಉತ್ತರವಿಲ್ಲದಿದ್ದರೆ ಉಳಿದ ನಾಲ್ಕು ಎಷ್ಟೇ ಚೆನ್ನಾಗಿದ್ದರೂ ಮಗುವಿನ ಹಿತವು ಭದ್ರವಲ್ಲವೆಂದು ನಮ್ಮ ಅಭಿಪ್ರಾಯ.

೮. ನಾವು ಮಾಡತಕ್ಕುದು

ಸರಕಾರವು ಗೃಹಶಿಕ್ಷಣವನ್ನು ನಿಷೇಧಿಸಬೇಕೆಂದು ನಾವು ಹೇಳುವುದಿಲ್ಲ. ನಿಷೇಧಿಸಿದರೆ ಒಳ್ಳೆಯ ತಾಯ್ತಂದೆಗಳು ಅಡಗಿಕೊಳ್ಳುವರು; ಕೆಟ್ಟವರು ಹಿಂದಿನಿಂದಲೂ ಅಡಗಿಯೇ ಇದ್ದಾರೆ. ಆದರೆ ಕಾಣದಂತೆ ಬಿಟ್ಟುಬಿಡುವುದೂ ಸರಿಯಲ್ಲ. ಮನೆಯಲ್ಲಿ ಓದುವ ಮಗುವಿನ ಹೆಸರು ಒಂದು ಪಟ್ಟಿಯಲ್ಲಿರುವುದು, ವರುಷಕ್ಕೆರಡು ಸಲ ತಿಳಿದವರೊಬ್ಬರು ಮಗುವಿನೊಡನೆಯೇ ಮಾತನಾಡಿ ಬರುವುದು, ಬಯಸಿದಾಗ ಶಾಲೆಗೆ ಸೇರಲು ಅಡ್ಡಿಯಿಲ್ಲದಿರುವುದು ಇಷ್ಟಾದರೆ ತಾಯ್ತಂದೆಗಳ ಸ್ವಾತಂತ್ರ್ಯಕ್ಕೂ ಮಗುವಿನ ಹಕ್ಕಿಗೂ ಜಗಳವಿರದು.

ಕಡೆಯದು ನಮ್ಮ ಕೈಯಲ್ಲಿಯೇ ಇದೆ. ಶಾಲೆಗೆ ಹೋಗದೆ ಇದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು ಕಾಯಿದೆಯ ೪ನೆಯ ಪ್ರಕರಣವು ಹೇಳುತ್ತದೆ. ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪಿತ್ತಿತು. ಆಗ್ಯೂ ಮಗುವಿಗೆ ಬಾಗಿಲನ್ನು ತೆರೆಯುವುದಕ್ಕೆ ನಮಗೆ ಕಾಯಿದೆಯ ಒತ್ತಾಯವು ಬೇಕಾಗಿಲ್ಲ. ಹಿಂದೆ ನಮ್ಮ ಹಿರಿಯ ಉಪಾಧ್ಯಾಯಿನಿಯರು ಮನೆಮನೆಗೆ ನಡೆದುದೂ ಯಾವ ಕಾಯಿದೆಯ ಬಲದಿಂದಲೂ ಅಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ನಿಮ್ಮ ಬೀದಿಯಲ್ಲಿ ಹಗಲಿನ ಹನ್ನೊಂದು ಗಂಟೆಗೆ ಮನೆಯಲ್ಲಿರುವ ಮಗುವೊಂದನ್ನು ನೀವು ಕಂಡರೆ ದೂರಿಡುವ ಮನಸ್ಸಿನಿಂದ ಹೋಗಬೇಡಿರಿ; ನೆರೆಯವರಾಗಿ ಹೋಗಿ ಮಾತನಾಡಿಸಿರಿ, ಒಂದು ಪುಸ್ತಕವನ್ನು ಕೊಟ್ಟುಬನ್ನಿರಿ, ಮರುವಾರ ಮತ್ತೆ ಹೋಗಿರಿ. ತಾಯಿಯು ಕಲಿಸುತ್ತಿದ್ದರೆ ಅವಳಿಗೊಬ್ಬ ಗೆಳತಿ ದೊರೆತಂತಾಯಿತು. ಮಗುವಿಗೆ ಕಷ್ಟವಿದೆಯೆಂದು ಕಂಡುಬಂದರೆ ೧೦೯೮ಕ್ಕೆ ಫೋನು ಮಾಡಿರಿ. ಲೈಂಗಿಕ ಅಪರಾಧದ ಶಂಕೆಯಿದ್ದರೆ ತಿಳಿಸುವುದು ೨೦೧೨ರ ಪೋಕ್ಸೋ ಕಾಯಿದೆಯ ಮೇರೆಗೆ ಪ್ರತಿಯೊಬ್ಬರ ಕರ್ತವ್ಯವೂ ಹೌದು. ನಿಮ್ಮಿಂದಾಗದ ಕೆಲಸವೇನಾದರೂ ಇದ್ದರೆ ಶಾಲೆಗೆ ಹೇಳಿ ಕಳುಹಿಸಿರಿ. ನಮ್ಮ ಉಪಾಧ್ಯಾಯಿನಿಯರಲ್ಲಿ ಇಬ್ಬರು ಶನಿವಾರ ಮಧ್ಯಾಹ್ನ ಇಂತಹ ಮನೆಗಳಿಗೆ ಹೋಗಿಬರುತ್ತಾರೆ. ಜೊತೆಗೆ ಬರಲು ಬಿಡುವುಳ್ಳವರು ಬೇಕಾಗಿದ್ದಾರೆ.